ನಮ್ಮವರು ಕೂರಿಸಿದ ಹಲ್ಲು

ನನ್ನ ಮಗಳ ಹಲ್ಲುಗಳು ನೇರವಾಗಿವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಮುಂದೆ ಏನೇ ಹೇಳಹೊರಟರೂ ನಮ್ಮ ಪೈಕಿಯವರು ಯಾರಾದರೂ ನಡುವೆ ಬಾಯಿ ಹಾಕಿ, “ಆದ್ರೆ ಹಲ್ಲು ನೇರ ಆಗಿದೆಯಲ್ಲ?” ಎಂದು ಕೇಳಿಯೇ ಕೇಳುತ್ತಾರೆ. ಆಗಿವೆ. ಶಾಲೆಯ ಅಸೆಂಬ್ಲಿಯಲ್ಲಿ ನಿಂತ ಮಕ್ಕಳ ಹಾಗೆ ಮೇಲೊಂದು ಸಾಲು, ಕೆಳಗೊಂದು ಸಾಲು. ಆ ಎರಡು ಸಾಲುಗಳಿಗೆ ಪರಸ್ಪರ ಪರಿಚಯವಾಗಲಿಲ್ಲ ಎಂಬುದಷ್ಟೇ ತೊಂದರೆ. ಹಿಂದಿನ ದವಡೆ ಹಲ್ಲುಗಳು ಒಂದನ್ನೊಂದು ಕಚ್ಚಿ ಕೂತ ಮೇಲೂ ಮುಂದೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಒಂದು ಸಂದು ಹಾಗೆಯೇ ಉಳಿಯುತ್ತಿತ್ತು. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಕಿಟಕಿ ಉಬ್ಬಿಕೊಂಡು, ಎಷ್ಟು ನೂಕಿದರೂ ಪೂರ್ತಿ ಮುಚ್ಚುವುದಿಲ್ಲವಲ್ಲ, ಹಾಗೆ.

ಮುಲುಂಡ್‌ನಲ್ಲಿ ನಮ್ಮ ಬಿಲ್ಡಿಂಗ್‌ನಿಂದ ಸ್ಟೇಷನ್‌ಗೆ ನಡೆದು ಹೋಗುವಷ್ಟರಲ್ಲಿ ಹಲ್ಲಿನ ಡಾಕ್ಟರರ ಬೋರ್ಡುಗಳು ಎಡಕ್ಕೂ ಬಲಕ್ಕೂ ಸಿಗುತ್ತವೆ. ಆದರೆ ನಮ್ಮ ಮನೆಯಲ್ಲಿ ಡಾಕ್ಟರರನ್ನು ಬೋರ್ಡು ನೋಡಿ ಆರಿಸುವ ಪದ್ಧತಿ ಇಲ್ಲ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಕುಂದಾಪುರದ ಕಡೆಯವರ ಮನೆಗೆ ಸೊಸೆಯಾಗಿ ಮುಂಬಯಿಗೆ ಬಂದವಳು. ಗ್ರಾಂಟ್ ರೋಡಿನಲ್ಲಿ ಮಾವನವರು ಇಟ್ಟ ಹೋಟೆಲನ್ನು ಈಗ ನನ್ನ ಗಂಡ ನೋಡಿಕೊಳ್ಳುತ್ತಾರೆ. ಈ ಮನೆಯಲ್ಲಿ ನನಗೆ ಮೊದಲು ಅರ್ಥವಾದ ನಿಯಮವೆಂದರೆ ವಕೀಲರು, ಇನ್ಶೂರೆನ್ಸ್ ಏಜೆಂಟರು, ಹೆರಿಗೆ ಡಾಕ್ಟರು ಎಲ್ಲರೂ ನಮ್ಮವರೇ ಆಗಿರಬೇಕು ಎಂಬುದು. ನಮ್ಮವರು ಎಂದರೆ ಮುಂಬಯಿಯಲ್ಲಿರುವ ಊರ ಕಡೆಯವರು ಕಟ್ಟಿಕೊಂಡ ನಮ್ಮ ಸಂಘದವರು. ಇವರು, ಎಂದರೆ ನನ್ನ ಗಂಡ, ಅದರ ಕಮಿಟಿಯಲ್ಲಿದ್ದಾರೆ. ಅತ್ತೆ ಯಾವ ಕಮಿಟಿಯಲ್ಲೂ ಇಲ್ಲ, ಆದರೆ ಕಮಿಟಿ ಅತ್ತೆಯನ್ನು ಕೇಳದೆ ಪಾಯಸ ಯಾವುದು ಎಂದೂ ತೀರ್ಮಾನಿಸುವುದಿಲ್ಲ.

ಮಗಳು ಶಾಲೆಯ ಕೊನೆಯ ವರ್ಷಗಳಲ್ಲಿದ್ದಾಗ ಅವಳ ಕೋರೆಹಲ್ಲುಗಳು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದ್ದವು. ಬೆಳಗಿನ ಲೋಕಲ್‌ನಲ್ಲಿ ಸೀಟಿಲ್ಲದ ಹೆಂಗಸರು ಹೇಗೆ ಕೂತವರ ತೊಡೆಗೆ ಒರಗಿಕೊಳ್ಳುತ್ತಾರೋ ಹಾಗೆ. ಕ್ಲಿಪ್ ಹಾಕಿಸಬೇಕೆಂದು ಎಲ್ಲರಿಗೂ ಒಪ್ಪಿಗೆಯಾಯಿತು. ಯಾರ ಹತ್ತಿರ ಎಂಬ ಪ್ರಶ್ನೆ ಏಳಲೇ ಇಲ್ಲ. ಸಂಘದಲ್ಲಿ ಹಲ್ಲು ನೇರ ಮಾಡುವ ಡಾಕ್ಟರರು ಒಬ್ಬರೇ ಇದ್ದರು. ವಾರ್ಷಿಕ ಪೂಜೆಯ ಊಟದಲ್ಲಿ ಅವರು ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ಬಡಿಸಿದ್ದನ್ನು ಅತ್ತೆ ಕಂಡಿದ್ದರು.

“ಕಾಣ್, ಡಾಕ್ಟ್ರ್ ಆದ್ರೂ ಎಂಥಾ ವಿನಯ,” ಎಂದು ಅತ್ತೆ ನನಗೆ ಹೇಳಿದ್ದರು. “ಒಂದ್ ತೊಟ್ಟ್ ಸಾರ್ ಹೊರಗ್ ಬಿದ್ದಿಲ್ಲೆ.”

ಕೈಗುಣ ಪರೀಕ್ಷಿಸಿದ್ದು ಅಷ್ಟೇ. ಅವರು ಎಲ್ಲಿ ಓದಿದರು, ಎಷ್ಟು ಬಾಯಿಗಳನ್ನು ನೋಡಿದ್ದಾರೆ, ಆ ಬಾಯಿಗಳು ಈಗ ಹೇಗಿವೆ, ಇವೆಲ್ಲ ಹೊರಗಿನವರನ್ನು ಕೇಳುವ ಪ್ರಶ್ನೆಗಳು. ನಮ್ಮವರನ್ನು ಕೇಳಿದರೆ ಅದು ಅವಮಾನ.

ನಾಲ್ಕು ಹಲ್ಲು ಕೀಳಿಸಿ ಜಾಗ ಮಾಡಿ, ಕ್ಲಿಪ್ ಕೂರಿಸಿದರು. ಪ್ರತಿ ತಿಂಗಳು ತಂತಿ ಬಿಗಿಸಿಕೊಂಡು ಬಂದು ಮಗಳು ಗಂಜಿ ಕುಡಿದು ಮಲಗುತ್ತಿದ್ದಳು. ಕ್ಲಿನಿಕ್ಕಿನಲ್ಲಿ ನಾನು ಕಾಯುತ್ತ ಕೂತಿರುವಾಗ ಒಂದು ವಿಷಯ ಗಮನಿಸಿದ್ದೆ. ಡಾಕ್ಟರರು ಕೆಲಸ ಮಾಡುವಾಗ ಫೋನನ್ನು ಕಿವಿ ಮತ್ತು ಹೆಗಲ ನಡುವೆ ಸಿಕ್ಕಿಸಿಕೊಂಡು ಸಂಘದ ಹಾಲ್ ಬುಕಿಂಗ್ ಬಗ್ಗೆ ಮಾತಾಡುತ್ತಿದ್ದರು. ಒಂದು ಕೈಯಲ್ಲಿ ನನ್ನ ಮಗಳ ಬಾಯಿ, ಬಾಯಲ್ಲಿ ಸಂಘ. ನಾನು ಪತ್ರಿಕೆ ತಿರುವಿ ಹಾಕಿದೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರುಗಳು ಕಲಿಸಿದ್ದೇ ಹಾಗೆ. ಇನ್ನೊಬ್ಬರು ಕೆಲಸ ಮಾಡುವಾಗ ದಿಟ್ಟಿಸಿ ನೋಡಬಾರದು, ತಪ್ಪು ಕಂಡರೂ ಎಲ್ಲರೆದುರು ಹೇಳಬಾರದು, ಕೊನೆಗೆ ಥ್ಯಾಂಕ್ಯೂ ಹೇಳದೆ ಹೊರಡಬಾರದು.

ಕ್ಲಿಪ್ ಬಿಚ್ಚಿದ್ದು ಸಂಘದ ಉಚಿತ ದಂತ ತಪಾಸಣಾ ಶಿಬಿರದ ಹಿಂದಿನ ವಾರ. ಇನ್ನೂ ಕೆಲವು ತಿಂಗಳು ಬೇಕು ಎಂದಿದ್ದವರು ಇದ್ದಕ್ಕಿದ್ದಂತೆ ಫೋನು ಮಾಡಿ, ಎಲ್ಲ ತುಂಬ ಚೆನ್ನಾಗಿ ಕೂತಿದೆ, ಶನಿವಾರ ಬನ್ನಿ ಎಂದರು. ಶಿಬಿರದ ಬ್ಯಾನರಿಗೆ ಹಲ್ಲಿನ ‘ಮೊದಲು’ ಮತ್ತು ‘ನಂತರ’ ಚಿತ್ರಗಳು ಬೇಕಾಗಿದ್ದವು. ಮೊದಲಿನದು ಅವರ ಹತ್ತಿರ ಇತ್ತು. ನಂತರದ್ದನ್ನು ಆವತ್ತೇ ತೆಗೆದರು. ಮೇಲಿನ ಸಾಲು ಮಾತ್ರ ಕಾಣುವಂತೆ ನಗಬೇಕೆಂದು ಮಗಳಿಗೆ ಹೇಳಿಕೊಟ್ಟರು, ತುಟಿಯನ್ನು ಬೆರಳಿನಿಂದ ಸ್ವಲ್ಪ ಸರಿಪಡಿಸಿದರು. ಫೋಟೋ ನಿಜಕ್ಕೂ ಚೆಂದ ಬಂತು. ಶಿಬಿರದ ದಿನ ಹಾಲ್‌ನ ಗೇಟಿನಲ್ಲಿ ನನ್ನ ಮಗಳು ಆಳೆತ್ತರ ನಗುತ್ತಿದ್ದಳು. ಅತ್ತೆ ಆ ಬ್ಯಾನರಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ಒಳಗೆ ಬರುವವರಿಗೆಲ್ಲ ಅದು ಯಾರ ಮೊಮ್ಮಗಳೆಂದು ತಿಳಿಸಿದರು.

ಕೆಲವು ವಾರ ಕಳೆದ ಮೇಲೆ ಮುಲುಂಡ್ ಸ್ಟೇಷನ್ನಿನ ಹೊರಗೆ ನಾವಿಬ್ಬರೂ ವಡಾ ಪಾವ್ ತಿನ್ನುತ್ತಿದ್ದೆವು. ಮಗಳು ಕಚ್ಚಿ ಎಳೆದಳು. ಪಾವ್ ತುಂಡಾಗಲಿಲ್ಲ, ಒಳಗಿದ್ದ ವಡಾ ಇಡಿಯಾಗಿ ಜಾರಿ ಅವಳ ಕುರ್ತಾದ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಬಿತ್ತು. ಅವಳು ಕೈಯಲ್ಲಿ ಉಳಿದ ಪಾವನ್ನು ಬೆರಳುಗಳಿಂದ ಚೂರು ಮಾಡಿ, ಒಂದೊಂದನ್ನೇ ಬಾಯಿಯ ಬದಿಗೆ ತಳ್ಳಿ ಅಗಿಯತೊಡಗಿದಳು. ಅವಳ ಕೈಗೆ ಅದು ಆಗಲೇ ಅಭ್ಯಾಸವಾಗಿತ್ತು. ಮನೆಯಲ್ಲಿ ಅವಳು ಚಪಾತಿಯನ್ನು ಸಣ್ಣಗೆ ಹರಿದುಕೊಳ್ಳುವುದು, ಆಮ್ಲೆಟ್ಟನ್ನು ಚಮಚದಿಂದ ಕತ್ತರಿಸುವುದು, ಸೇಬನ್ನು ಹೋಳು ಮಾಡಿಕೊಡು ಎನ್ನುವುದು, ಎಲ್ಲ ಆಗ ಸಾಲಾಗಿ ನೆನಪಾದವು. ನಾನು ಅದನ್ನು ಒಳ್ಳೆಯ ಟೇಬಲ್ ಮ್ಯಾನರ್ಸ್ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದೆ.

ಮನೆಗೆ ಬಂದು ಟ್ಯೂಬ್‌ಲೈಟಿನ ಕೆಳಗೆ ಬಾಯಿ ತೆರೆಸಿ ನೋಡಿದೆ. ಹಿಂದಿನ ಹಲ್ಲು ಕಚ್ಚು ಎಂದೆ. ಕಚ್ಚಿದಳು. ಮುಂದಿನ ಸಂದಿನಿಂದ ಅವಳ ನಾಲಿಗೆಯ ತುದಿ ನನ್ನನ್ನು ನೋಡಿತು.

ಡಾಕ್ಟರರ ಹತ್ತಿರ ಹೋದೆವು. ಅವರು ಎಂದಿನ ಆದರದಿಂದ ಚಹಾ ತರಿಸಿದರು. ನಾನು ವಡಾ ಪಾವಿನ ವಿಷಯ ಹೇಳಿದೆ. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು, ಕೋನಗಳೆಲ್ಲ ಪುಸ್ತಕದಲ್ಲಿ ಇರಬೇಕಾದ ಹಾಗೆಯೇ ಇವೆ ಎಂದು ವಿವರಿಸಿದರು. ಹಾಗಾದರೆ ಪಾವ್ ಯಾಕೆ ತುಂಡಾಗುವುದಿಲ್ಲ ಎಂದು ಕೇಳಿದೆ.

“ಅಕ್ಕಾ, ಅವಳ ನಾಲಿಗೆ ಉಂಟಲ್ಲ, ಅದು ಹಲ್ಲನ್ನು ಹೊರಗೆ ತಳ್ತಾ ಉಂಟು,” ಎಂದರು. “ಅದು ನನ್ನ ಕೈಯಲ್ಲಿಲ್ಲ. ಅವಳು ನಾಲಿಗೆ ಕಂಟ್ರೋಲ್ ಮಾಡ್ಬೇಕು.”

ಆಮೇಲೆ ದವಡೆಯ ಸರದಿ ಬಂತು. ಅದು ತಂದೆಯ ಕಡೆಯದಂತೆ, ಉದ್ದದ ದವಡೆಯಂತೆ. ನಂತರ ವಯಸ್ಸು. ಈ ವಯಸ್ಸಿನ ಮಕ್ಕಳು ಕನ್ನಡಿಯನ್ನು ಜಾಸ್ತಿ ನೋಡುತ್ತಾರಂತೆ. ನನ್ನ ಮಗಳ ನಾಲಿಗೆ, ನನ್ನ ಗಂಡನ ದವಡೆ, ನಮ್ಮ ಮನೆಯ ಕನ್ನಡಿ, ಎಲ್ಲವೂ ತಪ್ಪಿತಸ್ಥರ ಸಾಲಿನಲ್ಲಿ ನಿಂತವು. ಡಾಕ್ಟರರ ಎರಡು ಕೈಗಳು ಮಾತ್ರ ಮೇಜಿನ ಮೇಲೆ ಶುಭ್ರವಾಗಿ ಮಲಗಿದ್ದವು. ಹೊರಡುವಾಗ ಮಗಳಿಗೆ ಒಂದು ಹೊಸ ಬ್ರಷ್ ಉಡುಗೊರೆ ಕೊಟ್ಟರು. ನಾನು ಥ್ಯಾಂಕ್ಯೂ ಎಂದೆ. ಸಿಸ್ಟರುಗಳು ಎಲ್ಲಿದ್ದರೂ ಸಂತೋಷಪಟ್ಟಿರಬೇಕು.

ಬೇರೆ ಡಾಕ್ಟರಿಗೆ ತೋರಿಸೋಣ ಎಂದು ಆ ರಾತ್ರಿ ಊಟದ ಹೊತ್ತಿಗೆ ನಾನು ಹೇಳಿದಾಗ ಇವರು ತುತ್ತು ಕೈಯಲ್ಲೇ ಹಿಡಿದು ಕೂತರು. ಪ್ರತಿ ಆದಿತ್ಯವಾರ ಕಮಿಟಿಯಲ್ಲಿ ಆ ಡಾಕ್ಟರರ ಪಕ್ಕದ ಕುರ್ಚಿಯಲ್ಲೇ ಕೂರಬೇಕಲ್ಲ, ಯಾವ ಮುಖ ಇಟ್ಟುಕೊಂಡು ಕೂರುವುದು ಎಂದರು. ನಾನು ಇವರ ಮುಖದ ವಿಷಯ ಹೇಳಿರಲಿಲ್ಲ, ಮಗಳ ಬಾಯಿಯ ವಿಷಯ ಹೇಳಿದ್ದೆ. ಅತ್ತೆ ಮಾತ್ರ ನೇರವಾಗಿ ವಿಷಯಕ್ಕೆ ಬಂದರು.

“ಹಲ್ಲ್ ಹೋರೂ ಅಡ್ಡಿಲ್ಲೆ, ಸಂಬಂಧ ಹೋಪುಕಾಗ,” ಎಂದರು. ಹೋಗಬಾರದ್ದು ಸಂಬಂಧವಂತೆ, ಹಲ್ಲಲ್ಲ. ಅತ್ತೆಯ ಸ್ವಂತ ಹಲ್ಲುಗಳು ಆಗ ಅಡುಗೆಮನೆಯ ಬಟ್ಟಲಿನಲ್ಲಿ ನೀರಿನೊಳಗಿದ್ದವು.

ಕೊನೆಗೆ ಇವರು ಒಂದು ಪರಿಹಾರ ಸೂಚಿಸಿದರು. ಹೋಟೆಲಿನವರ ಪರಿಹಾರ. ಇವಳಿಗೆ ಎಲ್ಲವನ್ನೂ ಕತ್ತರಿಸಿಯೇ ಬಡಿಸಿದರಾಯಿತಲ್ಲ. ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ದೋಸೆಯೂ ಚೌಕ ಚೌಕವಾಗಿ ತಟ್ಟೆಗೆ ಬಿತ್ತು. ಕಾಲೇಜಿಗೆ ಹೋಗುವ ಮಗಳಿಗೆ, ಹಲ್ಲು ಬರುವ ಮಗುವಿಗೆ ಬಡಿಸಿದ ಹಾಗೆ ನಾನು ಬಡಿಸುತ್ತಿದ್ದೆ. ಅವಳ ಮಾತು ಕಡಿಮೆಯಾಗಿತ್ತು. ನಗು ಬಂದರೆ ಅವಳ ಎಡಗೈ ತಾನಾಗಿ ಬಾಯಿಯ ಮುಂದೆ ಬರುತ್ತಿತ್ತು. ಅಡ್ಡಡ್ಡವಾಗಿದ್ದ ಹಲ್ಲುಗಳ ಕಾಲದಲ್ಲಿ ಅವಳು ಹೀಗೆ ಮಾಡಿದ್ದಿಲ್ಲ. ಆಗ ಅಂಗಳದ ತುಂಬ ಕೇಳುವ ಹಾಗೆ ನಗುತ್ತಿದ್ದಳು. ಮೂರನೆಯ ಮಾಳಿಗೆಯ ಮರಾಠಿ ಆಜಿ ಕಿಟಕಿಯಿಂದ, ಏನಾಯ್ತು ಎಂದು ಕೇಳುತ್ತಿದ್ದರು. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಅವಳು ನಾಟಕದ ಗುಂಪಿನಲ್ಲಿದ್ದಳು. ಒಂದು ದಿನ, ಪಾತ್ರವನ್ನು ಗೆಳತಿಗೆ ಬಿಟ್ಟುಕೊಟ್ಟೆ, ಇನ್ನು ಮೇಲೆ ನಾನು ಲೈಟ್ ನೋಡಿಕೊಳ್ಳುತ್ತೇನೆ ಎಂದಳು. ಇವರು, ಒಳ್ಳೆಯದೇ ಆಯಿತು, ಓದಲು ಸಮಯ ಸಿಗುತ್ತದೆ ಎಂದರು.

ಅವಳು ನನ್ನ ಹತ್ತಿರ ಮಾತಾಡಿದ್ದು ಬಟ್ಟೆ ಮಡಚುವಾಗ. ಅವಳ ಕನ್ನಡ ಮುಂಬಯಿಯ ಕನ್ನಡ, ಅರ್ಧ ದಾರಿಯಲ್ಲಿ ಹಿಂದಿಗೆ ಬದಲಾಗುತ್ತದೆ.

“ಮಮ್ಮಿ, ಅಂಕಲ್ ಗಲತ್ ಮಾಡಿದ್ರು ಅಂತ ಯಾರೂ ಹೇಳಲ್ಲ,” ಎಂದಳು, ಟವೆಲಿನ ಮೂಲೆಗಳನ್ನು ಸೇರಿಸುತ್ತ. “ಡಾಕ್ಟರ್ ಸಹೀ, ಎಕ್ಸ್‌ರೇ ಸಹೀ, ಪಪ್ಪಾ ಸಹೀ. ತೋ ಫಿರ್ ಗಲತ್ ನಾನಾ?”

ಅವಳಿಗೆ ಬೇಕಾಗಿದ್ದದ್ದು ಚೆಂದದ ಹಲ್ಲಲ್ಲ ಎಂದು ನನಗೆ ಗೊತ್ತಾದದ್ದು ಆಗ. ಇದು ಸರಿಯಾಗಿಲ್ಲ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದು, ಹಲ್ಲಿನ ವಿಷಯ ತಿಳಿದವರ ಬಾಯಿಂದ ಒಂದು ಮಾತು ಬೇಕಾಗಿತ್ತು. ನಾನು ಹೇಳಿದೆ. ಅವಳು ತಲೆ ಆಡಿಸಿದಳು. ತಾಯಿ ಹೇಳಿದ್ದು ಲೆಕ್ಕಕ್ಕಿಲ್ಲ.

ಮುಂದಿನ ವಾರ ಅವಳ ಕಾಲೇಜು ಬಿಡುವ ಹೊತ್ತಿಗೆ ನಾನೇ ಪಾರ್ಲೆಗೆ ಹೋದೆ. ಗೆಳತಿಯ ಮಗಳಿಗೆ ಹಲ್ಲು ಕೂರಿಸಿದ ಒಬ್ಬ ಗುಜರಾತಿ ಲೇಡಿ ಡಾಕ್ಟರು ಅಲ್ಲಿದ್ದರು. ಅವರು ಮಗಳ ಬಾಯಿಗೆ ಕನ್ನಡಿ ಹಾಕಿ ಬಹಳ ಹೊತ್ತು ನೋಡಿದರು. ಕನ್ನಡಿ ತೆಗೆದು, ಯಾರು ಮಾಡಿದ್ದು ಎಂದು ಕೇಳಿದರು. ಮಗಳು ಹೆಸರು ಹೇಳಿದಳು. ಅವರ ಮುಖದಲ್ಲಿ ಅಲ್ಲಿಯವರೆಗೆ ಏನೋ ಒಂದು ಇತ್ತು. ಹೆಸರು ಕೇಳಿದ ಕೂಡಲೇ ಅದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಪ್ರತಿ ಡಾಕ್ಟರಿಗೂ ತಮ್ಮದೇ ರೀತಿ ಇರುತ್ತದೆ ಎಂದರು ಹಿಂದಿಯಲ್ಲಿ. ಹಲ್ಲಿನ ಡಾಕ್ಟರರದ್ದೂ ಒಂದು ಸಂಘವಿದೆ ಎಂಬುದು ನನಗೆ ಹೊಳೆದಿರಲಿಲ್ಲ. ಅಲ್ಲಿಯೂ ಯಾರೋ ಯಾರಿಗೋ ಸಾರು ಬಡಿಸಿರುತ್ತಾರೆ.

ಆದರೆ ಕೆಲಸದ ವಿಷಯದಲ್ಲಿ ಅವರು ಸ್ಪಷ್ಟವಾಗಿದ್ದರು. ಪುನಃ ಕ್ಲಿಪ್ ಹಾಕಬೇಕು, ಮೇಲಿನಿಂದ ಕೆಳಗಿನ ಹಲ್ಲಿಗೆ ಸಣ್ಣ ರಬ್ಬರ್ ಸಿಕ್ಕಿಸಬೇಕು, ಅವು ನಿಧಾನಕ್ಕೆ ಎರಡು ಸಾಲನ್ನೂ ಹತ್ತಿರ ಎಳೆಯುತ್ತವೆ. ಹೆಚ್ಚುಕಡಿಮೆ ಒಂದು ವರ್ಷ. ಮಗಳು ನನ್ನ ಮುಖ ನೋಡಲಿಲ್ಲ. ಡಾಕ್ಟರರಿಗೇ, ಹಾಕಿ ಎಂದಳು.

ಕ್ಲಿಪ್ ಬಚ್ಚಿಡಲು ಆಗುವ ವಸ್ತುವಲ್ಲ ಎಂಬುದು ಅದನ್ನು ಹಾಕಿಸಿದ ದಿನವೇ ರಾತ್ರಿ ಊಟದ ಹೊತ್ತಿಗೆ ಸಾಬೀತಾಯಿತು. ಮಗಳು ಮಜ್ಜಿಗೆ ಕೇಳಲು ಬಾಯಿ ತೆರೆದಳು, ಸ್ಟೀಲು ಮಿಂಚಿತು. ಇವರು ಮೊದಲು ನನ್ನನ್ನು ನೋಡಿದರು, ಆಮೇಲೆ ತಾಯಿಯನ್ನು. ಅತ್ತೆ ಮಜ್ಜಿಗೆ ಬಡಿಸಿದರು. ಸಂಘದಿಂದ ಡಾಕ್ಟರರಿಗೆ ಸನ್ಮಾನ ನಿಶ್ಚಯವಾಗಿದೆ ಎಂದು ಅತ್ತೆಯೇ ಶಾಂತವಾಗಿ ತಿಳಿಸಿದರು. ಸಮಾಜಸೇವೆಗೆ. ಅದು ಮುಗಿಯುವವರೆಗಾದರೂ ಹುಡುಗಿ ಬಾಯಿ ಮುಚ್ಚಿಕೊಂಡಿರಬೇಕಂತೆ.

ಅದು ಅಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ಆದಿತ್ಯವಾರ ಇವರು ಕಮಿಟಿಯಿಂದ ಮನೆಗೆ ಬಂದಾಗ ಮುಖ ಕೋರ್ಟಿನಿಂದ ಕಾಗದ ಬಂದವರ ಹಾಗಿತ್ತು. ಸನ್ಮಾನದ ದಿನ ಡಾಕ್ಟರರಿಗೆ ಹೂಗುಚ್ಛ ಕೊಡಲು ಬ್ಯಾನರಿನ ಹುಡುಗಿಯೇ ಆಗಬೇಕೆಂದು ಕಮಿಟಿಯವರು ಸರ್ವಾನುಮತದಿಂದ ತೀರ್ಮಾನಿಸಿದ್ದರು. ಸರ್ವಾನುಮತದಲ್ಲಿ ಇವರ ಕೈಯೂ ಇತ್ತು. ಎತ್ತದೆ ಇರುವುದು ಹೇಗೆ? ಜ್ವರ ಎನ್ನೋಣ, ಪರೀಕ್ಷೆ ಎನ್ನೋಣ ಎಂದು ಇವರೂ ಅತ್ತೆಯೂ ಮಾತಾಡಿಕೊಳ್ಳುತ್ತಿರುವಾಗ ಮಗಳು ಒಳಗಿನಿಂದ ಬಂದು, ನಾನು ಕೊಡುತ್ತೇನೆ ಎಂದಳು.

ಸನ್ಮಾನದ ದಿನ ಹಾಲ್‌ನಲ್ಲಿ ಮಲ್ಲಿಗೆ, ಬಿಸಿ ತುಪ್ಪ ಮತ್ತು ಡ್ರೈಕ್ಲೀನಿಂಗ್ ಮಾಡಿದ ರೇಷ್ಮೆಯ ವಾಸನೆ. ನಮ್ಮ ಸಾಲಿನ ಮುಂದೆ ಕೂತಿದ್ದ ಒಬ್ಬ ಹೆಂಗಸು ಹಿಂದೆ ತಿರುಗಿ ಮಗಳನ್ನು ಮಾತಾಡಿಸಿದರು. ಅವಳು ಉತ್ತರ ಕೊಟ್ಟಳು. ಆ ಹೆಂಗಸಿನ ಕಣ್ಣು ಅವಳ ಬಾಯಿಯ ಮೇಲೆ ನಿಂತಿತು. ಮುಗಿದದ್ದಲ್ಲವಾ, ಪುನಃ ಯಾಕೆ ಕ್ಲಿಪ್ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಾಗಿದರು.

“ಅದ್ ಫ್ಯಾಶನ್,” ಎಂದರು. “ಈಗಿನ್ ಮಕ್ಳಿಗೆ ಮೂಗಿಗೊಂದ್, ಹಲ್ಲಿಗೊಂದ್.”

ಆ ಹೆಂಗಸು ನಂಬಿದರು. ಅತ್ತೆ ಹೇಳಿದ್ದನ್ನು ನಂಬದಿರುವ ಧೈರ್ಯ ಆ ಹಾಲ್‌ನಲ್ಲಿ ಯಾರಿಗೂ ಇಲ್ಲ.

ವೇದಿಕೆಯ ಮೇಲೆ ಡಾಕ್ಟರರನ್ನು ಸಿಂಹಾಸನದಂಥ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟಿದ್ದರು. ಒಂದು ಅನಾನಸಿನ ಮೇಲಿನಿಂದ ಅವರ ಮುಖ ಕಾಣುತ್ತಿತ್ತು. ನಿರೂಪಕರು ಅವರನ್ನು ನಮ್ಮ ಸಮಾಜದ ನಗುವಿನ ಶಿಲ್ಪಿ ಎಂದು ಕರೆದರು. ಆ ಶಿಲ್ಪವೇ ಈಗ ಮೆಟ್ಟಿಲು ಹತ್ತಿ ಬರುತ್ತಿದೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಮಗಳು ಹೂಗುಚ್ಛ ಕೊಟ್ಟು, ಪದ್ಧತಿಯ ಹಾಗೆ ಬಗ್ಗಿ ಕಾಲು ಮುಟ್ಟಿದಳು. ಫೋಟೋ ತೆಗೆಯುವವನು ಸ್ಮೈಲ್ ಎಂದ. ಅವಳು ಪೂರ್ತಿ ನಕ್ಕಳು. ಎರಡು ಸಾಲು ಸ್ಟೀಲು, ನಡುವೆ ಎಳೆದು ಕಟ್ಟಿದ ರಬ್ಬರುಗಳು, ಎಲ್ಲವೂ ಫ್ಲ್ಯಾಶಿಗೆ ಮಿಂಚಿದವು. ಡಾಕ್ಟರರೂ ನಗುತ್ತಿದ್ದರು. ಅವರ ನಗು ಹಾಗೆಯೇ ಉಳಿಯಿತು, ಅದರ ಒಳಗಿದ್ದವರು ಮಾತ್ರ ಎದ್ದು ಹೋದ ಹಾಗೆ.

ಆಮೇಲೆ ಮೈಕಿನ ಮುಂದೆ ಅವರು, ತಮ್ಮ ಯಶಸ್ಸಿಗೆ ರೋಗಿಗಳ ನಂಬಿಕೆಯೇ ಕಾರಣ ಎಂದರು. ಹಾಲ್‌ನ ಎಲ್ಲ ಸಾಲುಗಳನ್ನೂ ನೋಡಿದರು, ನಮ್ಮದೊಂದನ್ನು ಬಿಟ್ಟು.

ಊಟ ಬಫೆ. ನಾನೂ ಮಗಳೂ ತಟ್ಟೆ ಹಿಡಿದು ಗೋಡೆಯ ಹತ್ತಿರ ನಿಂತಿದ್ದಾಗ ಡಾಕ್ಟರರು ನೇರ ನಮ್ಮ ಕಡೆಗೆ ಬಂದರು. ಶಾಲು ಇನ್ನೂ ಹೆಗಲ ಮೇಲಿತ್ತು, ಕೈಯಲ್ಲಿ ತಟ್ಟೆ. ನಾನು ಕಾನ್ವೆಂಟಿನ ಅಭ್ಯಾಸದಂತೆ ಅಭಿನಂದನೆ ಹೇಳಿದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಯಾರ ಹತ್ತಿರ ಹಾಕಿಸಿದ್ದು ಎಂದು ಮಗಳನ್ನು ಕೇಳಿದರು. ಪಾರ್ಲೆಯಲ್ಲಿ ಎಂದಳು. ತೋರಿಸು ಎಂದರು. ಅವಳು ಬಾಯಿ ತೆರೆದಳು. ಅವರು ಜೇಬಿನಿಂದ ಫೋನು ತೆಗೆದು ಟಾರ್ಚ್ ಹಾಕಿ, ಬಿಸಿಬೇಳೆಬಾತಿನ ಸರದಿಯ ಪಕ್ಕದಲ್ಲೇ ಬಗ್ಗಿ ನೋಡತೊಡಗಿದರು. ಎಷ್ಟಾದರೂ ಡಾಕ್ಟರು. ಬಾಯಿ ತೆರೆದರೆ ನೋಡದೆ ಇರಲಾರರು. ಕಚ್ಚು ಎಂದರು, ಬಿಡು ಎಂದರು, ಪುನಃ ಕಚ್ಚು ಎಂದರು. ಅವರ ಮುಖದಿಂದ ಸನ್ಮಾನ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಇಷ್ಟು ವರ್ಷಗಳಲ್ಲಿ ಅವರು ಫೋನು ಕಿವಿಗಿಡದೆ ನನ್ನ ಮಗಳ ಬಾಯಿ ನೋಡಿದ್ದು ಅದೇ ಮೊದಲು ಇರಬೇಕು.

“ರಬ್ಬರ್ ಸರಿಯಾದ ಜಾಗಕ್ಕೇ ಹಾಕಿದ್ದಾರೆ,” ಎಂದರು, ಬಹಳ ಸಣ್ಣ ದನಿಯಲ್ಲಿ. ಟಾರ್ಚ್ ಆರಿಸಿದರು. “ನಾನು ಆಗ ಕ್ಲಿಪ್ ಬಿಚ್ಬಾರ್ದಿತ್ತು ಮಗಾ. ಶಿಬಿರ ಅಂತ ಅರ್ಜೆಂಟ್ ಮಾಡ್ದೆ. ನಿನ್ನ ನಾಲಿಗೆದ್ದು ಎಂತ ತಪ್ಪಿಲ್ಲ.”

ಮಗಳ ಹೆಗಲು ಒಂದಿಷ್ಟು ಕೆಳಗಿಳಿದದ್ದು ಪಕ್ಕದಲ್ಲಿ ನಿಂತ ನನಗೆ ಕಂಡಿತು. ಭಾರದ ಚೀಲವನ್ನು ಟ್ರೇನಿನಲ್ಲಿ ಯಾರೋ ಕೈಯಿಂದ ತೆಗೆದು ಮೇಲಿಟ್ಟುಕೊಟ್ಟ ಹಾಗೆ.

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಬಾಳೆಲೆಯ ದೊನ್ನೆ ಹಿಡಿದು ನಮ್ಮ ಕಡೆ ಬಂದರು. ಶಿಲ್ಪಿ, ಶಿಲ್ಪ ಎರಡೂ ಒಟ್ಟಿಗೆ ಇವೆಯಲ್ಲ ಎಂದು ಸಂಭ್ರಮಪಟ್ಟರು. ಡಾಕ್ಟರರು ಶಾಲು ಸರಿಮಾಡಿಕೊಂಡರು. ಅದರ ಜೊತೆಗೆ ದನಿಯೂ ಸರಿಹೋಯಿತು. ಎಲ್ಲ ಫಸ್ಟ್ ಕ್ಲಾಸ್ ಇದೆ, ಸಣ್ಣದೊಂದು ಟಚಪ್ ಅಷ್ಟೇ ಎಂದು ಅಧ್ಯಕ್ಷರಿಗೆ ಗಟ್ಟಿಯಾಗಿ ತಿಳಿಸಿದರು.

“ಅಂಕಲ್, ಅದಕ್ಕಿಂತ ಪೆಹಲೇ ಹೇಳಿದ್ರಲ್ಲ,” ಎಂದಳು ಮಗಳು, ಗೌರವದಿಂದಲೇ. “ಅದನ್ನ ಮೈಕ್‌ನಲ್ಲಿ ಹೇಳ್ಬೇಕಿತ್ತು ನಾ.”

ಏನು ಹೇಳಿದ್ದು ಎಂದು ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ಒಳ್ಳೆಯ ಮಾತೇ ಇರಬೇಕೆಂದು ಭಾವಿಸಿದ ಅವರು, ಮೈಕ್ ಇನ್ನೂ ಬಂದ್ ಮಾಡಿಲ್ಲ ಡಾಕ್ಟ್ರೇ, ಹೋಗಿ ಎರಡು ಮಾತು ಹೇಳಿಬಿಡಿ ಎಂದು ಡಾಕ್ಟರರ ಬೆನ್ನಿಗೆ ಕೈ ಹಾಕಿ ವೇದಿಕೆಯ ಕಡೆ ತಿರುಗಿಸಿದರು. ಡಾಕ್ಟರರಿಗೆ ಇದ್ದಕ್ಕಿದ್ದಂತೆ ಪಾಯಸದ ನೆನಪಾಯಿತು. ಇನ್ನೂ ಮುಟ್ಟದ ತಟ್ಟೆಯನ್ನು ಅಲ್ಲಿಯೇ ಕುರ್ಚಿಯ ಮೇಲಿಟ್ಟು ಅವರು ಜನರ ನಡುವೆ ಹೋಗಿಬಿಟ್ಟರು.

ಆಟೋದಲ್ಲಿ ಮನೆಗೆ ಬರುವಾಗ ನಾನು ಇವರಿಗೆ ನಡೆದದ್ದೆಲ್ಲ ಹೇಳಿದೆ. ಇವರು ಹೊರಗೆ ನೋಡುತ್ತ, ಅವರು ಹಾಗೆ ಹೇಳಿರಲಿಕ್ಕಿಲ್ಲ, ನಿಮಗೆ ಹಾಗೆ ಕೇಳಿಸಿರಬೇಕು ಎಂದರು. ಮಗಳು ಆಗಲೇ ಫೋನಿನಲ್ಲಿ ಗೆಳತಿಗೆ, ಮುಂದಿನ ನಾಟಕಕ್ಕೆ ಪಾತ್ರ ಯಾವುದು ಉಳಿದಿದೆ ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು. ಡಾಕ್ಟರರು ತಪ್ಪೊಪ್ಪಿಕೊಂಡ ಆ ಮಾತನ್ನು ಕೇಳಿದವರು ನಾನೂ ಮಗಳೂ ಇಬ್ಬರೇ. ಸಂಘದ ಮಟ್ಟಿಗೆ ಅವರು ಅದನ್ನು ಹೇಳಿಯೇ ಇಲ್ಲ. ಹಾಗಾಗಿ ನಾನು ಹೇಳುತ್ತಿದ್ದೇನೆ.